ನೆರಳಿನಲ್ಲಿ ಕೂತು ಕಾಯುವ ಪರಾಕ್ರಮ

ಗೋಡೆಯಿಂದ ಹೊರಚಾಚಿದ ಕಲ್ಲಿನ ಮೃಗಮುಖವೊಂದರ ಮೇಲೆ ಬ್ಯಾಟ್‌ಮ್ಯಾನ್ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಕೆಳಗೆ ಕೋವಿ ಹಿಡಿದ ಪುಂಡರು ಗಸ್ತು ತಿರುಗುತ್ತಿದ್ದಾರೆ. ಒಬ್ಬ ಮೆಟ್ಟಿಲ ಬಳಿ, ಇಬ್ಬರು ಕಂಬದ ಪಕ್ಕ ಮಾತಾಡುತ್ತಾ, ಮತ್ತೊಬ್ಬ ಬಾಗಿಲಿಗೆ ಬೆನ್ನು ಹಾಕಿ. ಧುಮುಕಿದರೆ ಒಬ್ಬನನ್ನು ಕೆಡವಬಹುದು, ಅಷ್ಟರಲ್ಲಿ ಉಳಿದವರ ಗುಂಡು ಮೈಗೆ ನಾಟುತ್ತದೆ. ಜಗತ್ತಿಗೆಲ್ಲ ಗೊತ್ತಿರುವ ಈ ಸೂಪರ್‌ಹೀರೋ ಇಲ್ಲಿ ಒಂದೆರಡು ಸುತ್ತು ಗುಂಡಿಗೆ ನೆಲ ಕಚ್ಚುತ್ತಾನೆ. ಹಾಗಾಗಿ ಆಡುವವರಿಗೆ ಉಳಿಯುವ ದಾರಿ ಒಂದೇ. ಕಾಯಬೇಕು. ಕಂಬದ ಬಳಿಯ ಇಬ್ಬರು ಬೇರೆ ಬೇರೆಯಾಗುವ ತನಕ, ಬಾಗಿಲ ಬಳಿಯವನು ಕತ್ತಲಿನ ಕಡೆ ನಾಲ್ಕು ಹೆಜ್ಜೆ ಹಾಕುವ ತನಕ, ಉಸಿರು ಬಿಗಿಹಿಡಿದು ನೋಡುತ್ತಾ ಕೂರಬೇಕು.

ಇದು ‘ಬ್ಯಾಟ್‌ಮ್ಯಾನ್: ಆರ್ಕಮ್ ಅಸೈಲಮ್’ ಎಂಬ ವಿಡಿಯೊ ಗೇಮಿನ ಡೆಮೊದಲ್ಲಿ, ಅಂದರೆ ರುಚಿ ನೋಡಲು ಕೊಡುವ ತುಣುಕಿನಲ್ಲಿ, ಬರುವ ಕೋಣೆ. 2009ರ ಆಗಸ್ಟ್‌ನಲ್ಲಿ, ಪೂರ್ತಿ ಆಟ ಅಂಗಡಿಗೆ ಬರಲು ಇನ್ನು ಕೆಲವೇ ವಾರ ಇದ್ದಾಗ, ಡೆಮೊ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಮಾಡಿದವರು ಲಂಡನ್ನಿನ ರಾಕ್‌ಸ್ಟೆಡಿ ಸ್ಟುಡಿಯೋಸ್. 2004ರಲ್ಲಿ ಶುರುವಾದ ಆ ಸಂಸ್ಥೆ ಅದುವರೆಗೆ ಹೊರತಂದಿದ್ದು ಒಂದೇ ಒಂದು ಗೇಮ್. ಅಲ್ಲದೆ ಸೂಪರ್‌ಹೀರೋ ಗೇಮ್ ಅಂದರೆ ಆಗ ಆಡುವವರಿಗೆ ಅಷ್ಟಕ್ಕಷ್ಟೇ. ಸಿನಿಮಾ ಬಿಡುಗಡೆಯ ದಿನಕ್ಕೆ ಸರಿಹೊಂದಿಸಲು ಗಡಿಬಿಡಿಯಲ್ಲಿ ಕಟ್ಟಿ, ಡಬ್ಬಿಯ ಮೇಲೆ ನಾಯಕನ ಚಿತ್ರ ಅಂಟಿಸಿ ಮಾರುವ ಸರಕು ಎಂಬ ಹೆಸರು ಅವಕ್ಕೆ ಅಂಟಿತ್ತು. ರಾಕ್‌ಸ್ಟೆಡಿಯ ಆಟಕ್ಕೆ ಯಾವ ಸಿನಿಮಾದ ಹಂಗೂ ಇರಲಿಲ್ಲ. ಕತೆ ಬರೆದವರು 1992ರ ಬ್ಯಾಟ್‌ಮ್ಯಾನ್ ಅನಿಮೇಶನ್ ಸರಣಿಯ ಬರಹಗಾರರಲ್ಲೊಬ್ಬರಾದ ಪಾಲ್ ಡಿನಿ. ಬ್ಯಾಟ್‌ಮ್ಯಾನ್‌ಗೆ ಕೆವಿನ್ ಕಾನ್‌ರಾಯ್, ಜೋಕರ್‌ಗೆ ಮಾರ್ಕ್ ಹ್ಯಾಮಿಲ್, ಹೀಗೆ ದನಿಗಳೂ ಅದೇ ಸರಣಿಯಿಂದ ಬಂದವು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗಳಲ್ಲಿ ವರ್ಷದ ಅತ್ಯುತ್ತಮ ಗೇಮ್ ಎಂಬ ಮನ್ನಣೆಯೂ ಇದಕ್ಕೇ ಸಿಕ್ಕಿತು. ಇಷ್ಟೆಲ್ಲ ಆಗುವ ಮೊದಲು, ಏನನ್ನೂ ನಿರೀಕ್ಷಿಸದೆ ಡೆಮೊ ತೆರೆದವರಿಗೆ ಆದ ಬೆರಗು ಬೇರೆಯದೇ. ಅದನ್ನು ಇಂದಿಗೂ ನಾನು ಜತನ ಮಾಡಿಟ್ಟುಕೊಂಡಿದ್ದೇನೆ.

ನಾನು ಅದನ್ನು ಆಡಿದ್ದು ತಿರುವನಂತಪುರದ ಉಳ್ಳೂರಿನಲ್ಲಿ. ಅಲ್ಲಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಶ್ರೀಕಾರ್ಯಂ ದಾಟಿದರೆ ಕಳಕ್ಕೂಟ್ಟಂ, ಅಲ್ಲೇ ಟೆಕ್ನೋಪಾರ್ಕ್ ಎಂಬ ಐಟಿ ಕೇಂದ್ರ. ಕಾಸರಗೋಡಿನಿಂದ ಬಂದು ಇಂಜಿನಿಯರಿಂಗ್ ಓದುತ್ತಿದ್ದ ಅಳಿಯ ಶನಿವಾರ ಬಂತೆಂದರೆ ನಮ್ಮ ಮನೆಗೆ ಹಾಜರು. ಊಟಕ್ಕಿಂತ ಕಂಪ್ಯೂಟರಿನ ಮೇಲೆ ಅವನಿಗೆ ಕಣ್ಣು. ಆ ಕಾಲದ ಬಿಎಸ್‌ಎನ್‌ಎಲ್‌ನ ಕೆಲವು ಪ್ಲಾನುಗಳಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಡೌನ್‌ಲೋಡಿಗೆ ಮಿತಿ ಇರಲಿಲ್ಲ. ಆಗ ಸರ್ಕಾರದ ಲೆಕ್ಕದಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದೇ ಬ್ರಾಡ್‌ಬ್ಯಾಂಡ್. ಆ ವೇಗದಲ್ಲಿ 1 ಜಿಬಿ ಇಳಿಯಲು ಒಂಬತ್ತು ಗಂಟೆಯಷ್ಟು ಬೇಕು. ಹೀಗಾಗಿ ಡೆಮೊ ಎಂಬುದು ಎರಡು ಮೂರು ರಾತ್ರಿಗಳ ಫಸಲು. ಅಲಾರಂ ಇಟ್ಟು ಎದ್ದು ಶುರು ಮಾಡಿ, ಬೆಳಗ್ಗೆ ಕಾಫಿಗೆ ಮೊದಲು ನಿಲ್ಲಿಸಿ, ಮಳೆ ಗುಡುಗು ಬಂದರೆ ಮೋಡೆಮ್ ತಂತಿ ಕಿತ್ತಿಟ್ಟು, ಮತ್ತೆ ಮುಂದುವರಿಸಿ ಪಡೆದದ್ದು. ಅಷ್ಟು ಪಾಡುಪಟ್ಟು ಇಳಿಸಿಕೊಂಡದ್ದನ್ನು ಒಂದು ಸಲ ಆಡಿ ಅಳಿಸಿಹಾಕುವವರು ಯಾರೂ ಇರಲಿಲ್ಲ. ಅದರ ಮೂಲೆ ಮೂಲೆ ಬಾಯಿಪಾಠವಾಗುತ್ತಿತ್ತು.

ಡೆಮೊದ ಕತೆ ಇಷ್ಟೇ. ಗಾಥಮ್ ನಗರದ ಆರ್ಕಮ್ ಎಂಬ ದ್ವೀಪದಲ್ಲಿ ಮನೋರೋಗಿ ಅಪರಾಧಿಗಳನ್ನು ಕೂಡಿಡುವ ಕಟ್ಟಡವಿದೆ. ಜೋಕರ್ ಸಿಕ್ಕಿಬಿದ್ದಂತೆ ನಟಿಸಿ ಒಳಗೆ ಬಂದು, ಇಡೀ ದ್ವೀಪವನ್ನೇ ವಶ ಮಾಡಿಕೊಳ್ಳುತ್ತಾನೆ. ಬ್ಯಾಟ್‌ಮ್ಯಾನ್ ಒಳಗೇ ಸಿಕ್ಕಿಕೊಳ್ಳುತ್ತಾನೆ. ಮೊದಲು ಬರಿಗೈ ಜಗಳ. ಹೊಡೆಯಲು ಒಂದು ಬಟನ್, ಬರುವ ಏಟನ್ನು ತಡೆದು ತಿರುಗಿಸಲು ಇನ್ನೊಂದು. ಎದುರಾಳಿ ಕೈಯೆತ್ತುವ ಮುನ್ನ ಅವನ ತಲೆಯ ಮೇಲೆ ಸಣ್ಣ ಗೆರೆಗಳು ಮಿಂಚುತ್ತವೆ, ಆ ಕ್ಷಣಕ್ಕೆ ಬಟನ್ ಒತ್ತಿದರೆ ಏಟು ಅವನಿಗೇ. ಸಿಕ್ಕಸಿಕ್ಕ ಹಾಗೆ ಬಟನ್ ಕುಟ್ಟಿದರೆ ಏನೂ ಗಿಟ್ಟುವುದಿಲ್ಲ. ಲಯ ಹಿಡಿದು, ಒಬ್ಬನಿಂದ ಇನ್ನೊಬ್ಬನಿಗೆ ದಾಟುತ್ತಾ ಹೋದರೆ ಬ್ಯಾಟ್‌ಮ್ಯಾನ್ ಗುಂಪಿನ ನಡುವೆ ತಾಳಕ್ಕೆ ಹೆಜ್ಜೆ ಹಾಕಿದಂತೆ ಕಾಣುತ್ತಾನೆ. ಅವನ ಬೆನ್ನಿನ ಮೇಲುಹೊದಿಕೆಯ ಬೀಸಾಟವೊಂದಕ್ಕೇ ರಾಕ್‌ಸ್ಟೆಡಿಯವರು 700ಕ್ಕೂ ಹೆಚ್ಚು ಚಲನೆ ಮತ್ತು ಸದ್ದಿನ ತುಣುಕುಗಳನ್ನು ಬಳಸಿದ್ದಾರೆ. ಇವೆಲ್ಲ ಚೆಂದವೇ. ಆದರೂ ಡೆಮೊದ ಜೀವ ಇದರಲ್ಲಿ ಇಲ್ಲ.

ಜೀವ ಇರುವುದು ಮುಂದಿನ ದೃಶ್ಯದಲ್ಲಿ. ವಿಕ್ಟರ್ ಝಾಜ್ ಎಂಬ ಕೊಲೆಗಾರ ಕಾವಲುಗಾರನೊಬ್ಬನನ್ನು ವಿದ್ಯುತ್ ಕುರ್ಚಿಗೆ ಬಿಗಿದು, ಸ್ವಿಚ್ಚಿನ ಹತ್ತಿರ ನಿಂತಿದ್ದಾನೆ. ಬ್ಯಾಟ್‌ಮ್ಯಾನ್‌ನ ನೆರಳು ಕಂಡರೂ ಸ್ವಿಚ್ ಒತ್ತುತ್ತಾನೆ. ಈಗಷ್ಟೇ ಐದಾರು ಜನರನ್ನು ಚಚ್ಚಿ ಬಂದ ಹುಮ್ಮಸ್ಸಿನಲ್ಲಿ ನೇರ ನುಗ್ಗಿದವರ ಕಣ್ಣೆದುರೇ ಕಾವಲುಗಾರ ಸಾಯುತ್ತಾನೆ. ಎರಡನೇ ಸಲ ಆಡುವವರು ತಲೆಯೆತ್ತಿ ನೋಡುತ್ತಾರೆ. ಮೇಲೆ ಕಲ್ಲಿನ ಮೃಗಮುಖಗಳಿವೆ. ಹಗ್ಗದ ಕೋವಿಯಿಂದ ಅಲ್ಲಿಗೆ ಏರಿ, ಒಂದರಿಂದ ಇನ್ನೊಂದಕ್ಕೆ ದಾಟಿ, ಝಾಜ್‌ನ ಬೆನ್ನ ಹಿಂದೆ ಬಂದು ಅವನನ್ನು ಕೆಡವಬೇಕು. ಯಾವ ಪಾಠವನ್ನೂ ಅಕ್ಷರದಲ್ಲಿ ಬರೆದು ತೋರಿಸದೆ, ಬಲದಿಂದ ಆಗದ ಕೆಲಸ ಜಾಗ ಹುಡುಕುವುದರಿಂದ ಆಗುತ್ತದೆ ಎಂದು ಒಂದೇ ಕೋಣೆಯಲ್ಲಿ ಮನಸ್ಸಿಗೆ ನಾಟಿಸುವ ವಿನ್ಯಾಸ ಇದು. ನಾನು ಕಂಡ ಡೆಮೊಗಳಲ್ಲಿ ಇಷ್ಟು ಸ್ವಚ್ಛವಾಗಿ ಕಲಿಸಿದ್ದು ಇನ್ನೊಂದಿಲ್ಲ.

ಆಮೇಲೆ ಬರುವುದು ಕೋವಿಗಳ ಕೋಣೆ. ಅಲ್ಲಿ ನಾನು ಅವಸರಪಟ್ಟಾಗಲೆಲ್ಲ ಅಳಿಯ ಪಕ್ಕದಿಂದ ಪಿಸುಗುಟ್ಟುತ್ತಿದ್ದ: “ಮಾವ, ಈಗ ಇಳೀಬೇಡಿ. ಅವರು ಇನ್ನೂ ಒಟ್ಟಿಗೇ ಇದ್ದಾರೆ.” ಪರದೆಯ ಮೇಲಿನ ಪುಂಡರಿಗೆ ನಮ್ಮ ಮಾತು ಕೇಳಿಸದು ಎಂದು ಇಬ್ಬರಿಗೂ ಗೊತ್ತು. ಆದರೂ ದನಿ ತಾನಾಗಿ ತಗ್ಗುತ್ತಿತ್ತು. ಪತ್ತೇದಾರಿ ನೋಟ ಎಂಬುದೊಂದನ್ನು ಚಾಲೂ ಮಾಡಿದರೆ ಕೋಣೆ ನೀಲಿಯಾಗಿ, ಗೋಡೆಯಾಚೆಯವರೂ ಎಲುಬಿನ ಹಂದರವಾಗಿ ಕಾಣುತ್ತಾರೆ. ಕೋವಿ ಇದ್ದವರು ಕೆಂಪಗೆ, ಇಲ್ಲದವರು ನೀಲಿಯಾಗಿ. ಒಬ್ಬೊಬ್ಬರ ಮನಃಸ್ಥಿತಿಯನ್ನೂ ಆಟ ಬರೆದು ತೋರಿಸುತ್ತದೆ: ಶಾಂತ, ಅಳುಕು, ಭಯಭೀತ. ಮೃಗಮುಖದಿಂದ ತಲೆಕೆಳಗಾಗಿ ಜಾರಿ ಬಂದು ಒಬ್ಬನನ್ನು ಹಗ್ಗಕ್ಕೆ ನೇತುಹಾಕಿ ಮತ್ತೆ ಕತ್ತಲು ಸೇರಿಕೊಂಡಿರಿ ಅನ್ನಿ. ಸದ್ದು ಕೇಳಿ ಉಳಿದವರು ಓಡಿ ಬರುತ್ತಾರೆ, ನೇತಾಡುವ ಸಂಗಾತಿಯನ್ನು ನೋಡುತ್ತಾರೆ, ಎದೆಬಡಿತ ಏರುತ್ತದೆ. ಆಮೇಲೆ ಅವರ ನಡಿಗೆಯೇ ಬದಲು. ಬೆನ್ನಿಗೆ ಬೆನ್ನು ಕೊಟ್ಟು ಹೆಜ್ಜೆ ಇಡುತ್ತಾರೆ, ಏನೂ ಇಲ್ಲದ ಮೂಲೆಗೆ ಗುಂಡು ಹಾರಿಸುತ್ತಾರೆ. ಕೊನೆಗೆ ಉಳಿದ ಒಬ್ಬನಂತೂ ನೆರಳಿಗೂ ಬೆಚ್ಚುತ್ತಾನೆ.

ಬ್ಯಾಟ್‌ಮ್ಯಾನ್ ಯಾರು ಎಂದು ನನಗೆ ನಿಜವಾಗಿ ಅರ್ಥವಾದದ್ದು ಈ ಕೋಣೆಯಲ್ಲಿ. 1939ರಲ್ಲಿ ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಸೃಷ್ಟಿಸಿದ ಈ ಪಾತ್ರಕ್ಕೆ ಹಾರುವ ಶಕ್ತಿ ಇಲ್ಲ, ಗುಂಡು ತಾಗದ ಮೈ ಇಲ್ಲ. ಕೇಡಿಗರ ಎದೆಯಲ್ಲಿ ಅಂಜಿಕೆ ಹುಟ್ಟಿಸುವುದೇ ಅವನ ಬಂಡವಾಳ. ಅದನ್ನು ಕಾಮಿಕ್ಸ್ ಹೇಳಬಲ್ಲದು, ಸಿನಿಮಾ ತೋರಿಸಬಲ್ಲದು. ಆ ಅಂಜಿಕೆಯನ್ನು ಇನ್ನೊಬ್ಬರಲ್ಲಿ ಹುಟ್ಟಿಸುವ ಹೊಣೆಯನ್ನು ನಮ್ಮ ಕೈಗೇ ಒಪ್ಪಿಸಲು ಗೇಮಿಗೆ ಮಾತ್ರ ಸಾಧ್ಯ. ಇನ್ನೊಂದು ಸಂಗತಿ ನನಗೆ ತುಂಬ ಹಿಡಿಸಿತು. ಕೆಡವಿದವನನ್ನು ಪತ್ತೇದಾರಿ ನೋಟದಲ್ಲಿ ನೋಡಿದರೆ ‘ಪ್ರಜ್ಞೆ ತಪ್ಪಿದ್ದಾನೆ’ ಎಂದೇ ಬರುತ್ತದೆ. ಕೊಲ್ಲುವುದಿಲ್ಲ ಎಂಬ ನಾಯಕನ ನೇಮವನ್ನು ಆಟ ತನ್ನ ನಿಯಮಗಳ ಒಳಗೇ ಹೊಲಿದುಬಿಟ್ಟಿದೆ.

ಇಂಥ ಆಟಗಳಿಗೆ ಸ್ಟೆಲ್ತ್ ಗೇಮ್ ಎಂದು ಹೆಸರು. ಅಡಗುವುದು, ಸದ್ದಾಗದಂತೆ ಸಾಗುವುದು, ಹೊಂಚುವುದು. ಇವುಗಳ ಒಳಗಿನ ಯಂತ್ರ ಹೊರಗೆ ಕಾಣುವಷ್ಟು ಜಟಿಲವಲ್ಲ. ಪ್ರತಿ ಕಾವಲುಗಾರನ ಕಣ್ಣಿನಿಂದ ಅಗಲವಾಗುತ್ತಾ ಹೋಗುವ ನೋಟದ ಹರಹೊಂದನ್ನು ಕಂಪ್ಯೂಟರ್ ಎಳೆದಿಟ್ಟಿರುತ್ತದೆ. ಅದರೊಳಗೆ ನೀವು ಬಂದು, ನಡುವೆ ಗೋಡೆ ಕಂಬ ಇಲ್ಲದಿದ್ದರೆ, ಸಿಕ್ಕಿಬಿದ್ದಿರಿ. ಸದ್ದಿಗೊಂದು ಸುತ್ತಳತೆ, ಓಡಿದರೆ ದೊಡ್ಡದು, ತಗ್ಗಿ ನಡೆದರೆ ಸಣ್ಣದು. ಕಾವಲುಗಾರನಿಗೆ ಕೆಲವು ಸ್ಥಿತಿಗಳು: ಮಾಮೂಲಿ ಗಸ್ತು, ಅನುಮಾನ, ಹುಡುಕಾಟ, ದಾಳಿ. ಒಂದರಿಂದ ಇನ್ನೊಂದಕ್ಕೆ ಅವನು ಯಾವಾಗ ಜಾರುತ್ತಾನೆ, ಎಷ್ಟು ಹೊತ್ತಿಗೆ ಮರೆತು ಗಸ್ತಿಗೆ ಮರಳುತ್ತಾನೆ ಎಂಬುದನ್ನು ಹದ ಮಾಡುವುದೇ ಕಸುಬಿನ ಗುಟ್ಟು. ಬೇಗ ಮರೆತರೆ ಅವನು ಮಂಕ, ಮರೆಯದಿದ್ದರೆ ಆಟ ಆಡಲಾಗದು.

ಈ ಬಗೆ ಬೆಳೆದದ್ದರ ಹಿಂದೆ ಕೊರತೆಯ ಕತೆ ಇದೆ. 1987ರಲ್ಲಿ ಜಪಾನಿನ ಕೊನಾಮಿ ಸಂಸ್ಥೆಯ ತರುಣ ಹಿಡಿಯೊ ಕೊಜಿಮಾ ಯುದ್ಧದ ಗೇಮ್ ಮಾಡಬೇಕಿತ್ತು. ಎಂಎಸ್‌ಎಕ್ಸ್2 ಎಂಬ ಆ ಕಂಪ್ಯೂಟರಿಗೆ ಒಟ್ಟೊಟ್ಟಿಗೆ ಹೆಚ್ಚು ಸೈನಿಕರನ್ನೂ ಗುಂಡುಗಳನ್ನೂ ಪರದೆಯ ಮೇಲೆ ಓಡಿಸುವ ತ್ರಾಣ ಇರಲಿಲ್ಲ. ಹೊಡೆದಾಡುವ ಬದಲು ತಪ್ಪಿಸಿಕೊಳ್ಳುವುದೇ ಆಟವಾದರೆ ಹೇಗೆ ಎಂದು ಅವರು ಯೋಚಿಸಿದರು, ‘ಮೆಟಲ್ ಗಿಯರ್’ ಬಂತು. 1998ರಲ್ಲಿ ಅಮೆರಿಕದ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್‌ನವರ ‘ಥೀಫ್’ ಇದನ್ನು ಬೆಳಕು ಮತ್ತು ಸದ್ದಿನ ಶಾಸ್ತ್ರವನ್ನಾಗಿ ಮಾಡಿತು. ನೀವು ಎಷ್ಟು ಕಾಣುತ್ತೀರಿ ಎಂದು ಹೇಳಲು ಪರದೆಯ ಕೆಳಗೊಂದು ಹರಳು. ಜಮಖಾನೆಯ ಮೇಲೆ ಹೆಜ್ಜೆ ಮೌನ, ಲೋಹದ ಮೇಲೆ ಠಣ್. ಪಂಜು ಆರಿಸಲು ನೀರಿನ ಬಾಣ. ಈ ಎರಡೂ ಆಟಗಳ ನಡುವೆ ಒಂದು ಸಮಾನ ಅಂಶವಿದೆ, ಎರಡರಲ್ಲೂ ನಾಯಕ ದುರ್ಬಲ. ರಾಕ್‌ಸ್ಟೆಡಿಯವರ ಸಾಹಸವೆಂದರೆ ಬಲಶಾಲಿಯನ್ನು ತಂದು ಅದೇ ಕತ್ತಲಲ್ಲಿ ಕೂರಿಸಿ, ಬೇಟೆಗಾರನನ್ನಾಗಿ ಮಾಡಿದ್ದು. ಅಡಗಿದವನು ನಡುಗುವುದಿಲ್ಲ. ಬೆಳಕಿನಲ್ಲಿ, ಕೈಯಲ್ಲಿ ಕೋವಿ ಹಿಡಿದು ನಿಂತವರು ನಡುಗುತ್ತಾರೆ.

ಥೀಫ್‌ನ ನೀರಿನ ಬಾಣದ ಬಗ್ಗೆ ಓದುವಾಗಲೆಲ್ಲ ನನಗೆ ತಿರುವನಂತಪುರದ ಒಂದು ನಿಧಿ ನೆನಪಾಗುತ್ತದೆ. ಮಹಾಮಹೋಪಾಧ್ಯಾಯ ಟಿ. ಗಣಪತಿ ಶಾಸ್ತ್ರಿಗಳು ಪದ್ಮನಾಭಪುರದ ಹತ್ತಿರದ ಮನೆಯೊಂದರಲ್ಲಿ ಸಿಕ್ಕ ಮಲಯಾಳ ಲಿಪಿಯ ತಾಳೆಗರಿಗಳಿಂದ ಭಾಸನ ನಾಟಕಗಳನ್ನು ಬೆಳಕಿಗೆ ತಂದದ್ದು, 1912ರಿಂದ ತಿರುವನಂತಪುರ ಸಂಸ್ಕೃತ ಗ್ರಂಥಮಾಲೆಯಲ್ಲಿ ಅಚ್ಚು ಹಾಕಿಸಿದ್ದು ಸಂಸ್ಕೃತ ಲೋಕವನ್ನೇ ಅಲುಗಿಸಿದ ಸುದ್ದಿ. ಅವುಗಳಲ್ಲಿ ‘ಚಾರುದತ್ತ’ವೂ ಒಂದು. ಅದರಲ್ಲಿ ಸಜ್ಜಲಕನೆಂಬ ಕಳ್ಳ ರಾತ್ರಿ ಗೋಡೆಗೆ ಕನ್ನ ಕೊರೆದು ಒಳಬರುತ್ತಾನೆ. ಇದೇ ಕತೆ ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಬೆಳೆದಾಗ ಅವನು ಶರ್ವಿಲಕ. ಕನ್ನ ಹಾಕುವ ಆ ಅಂಕವನ್ನು ಇಂದು ಓದಿದರೆ ಸ್ಟೆಲ್ತ್ ಗೇಮಿನ ಕೈಪಿಡಿಯೇ ಸಿಕ್ಕಂತಾಗುತ್ತದೆ. ಅಳೆಯುವ ದಾರ ಮರೆತು ಬಂದದ್ದಕ್ಕೆ ಜನಿವಾರವನ್ನೇ ಅಳತೆಗೋಲು ಮಾಡಿಕೊಳ್ಳುತ್ತಾನೆ. ಕನ್ನ ಕೊರೆದ ಮೇಲೆ ತಾನು ನುಗ್ಗುವ ಮೊದಲು ಒಂದು ಬೊಂಬೆಯನ್ನು ಒಳಗೆ ತೂರಿಸಿ ಯಾರಾದರೂ ಎಚ್ಚರವಿದ್ದಾರೆಯೇ ಎಂದು ಪರೀಕ್ಷಿಸುತ್ತಾನೆ. ಬಾಗಿಲು ಕಿರುಗುಟ್ಟದ ಹಾಗೆ ನೀರು ಹನಿಸುತ್ತಾನೆ. ಮಲಗಿದವರ ಉಸಿರು ಸಮವಾಗಿದೆಯೇ, ರೆಪ್ಪೆ ಗಟ್ಟಿಯಾಗಿ ಮುಚ್ಚಿದೆಯೇ ಎಂದು ದೀಪದ ಬೆಳಕಲ್ಲಿ ನೋಡಿ, ನಿದ್ದೆ ನಿಜವೋ ನಟನೆಯೋ ತೀರ್ಮಾನಿಸುತ್ತಾನೆ. ಕೊನೆಗೆ ಒಂದು ಹುಳುವನ್ನು ಹಾರಿಬಿಟ್ಟು ಆ ದೀಪವನ್ನು ಆರಿಸುತ್ತಾನೆ. ಗಿರೀಶ ಕಾರ್ನಾಡರು ಇದೇ ಕತೆಯನ್ನು 1984ರಲ್ಲಿ ‘ಉತ್ಸವ್’ ಎಂದು ಹಿಂದಿಯಲ್ಲಿ ಚಿತ್ರ ಮಾಡಿದಾಗ ಕಳ್ಳನಾಗಿದ್ದು ನಮ್ಮ ಶಂಕರ್‌ನಾಗ್. ನೋಡದವರು ಆ ಪಾತ್ರಕ್ಕಾದರೂ ಒಮ್ಮೆ ನೋಡಬೇಕು.

ಕಳ್ಳನ ಬದಲು ಹೀಗೆ ಹೊಂಚುವ ಸೂಪರ್‌ಹೀರೋ ಬೇಕೆಂದರೆ ರಾಮಾಯಣದ ಸುಂದರಕಾಂಡವೇ ಇದೆ. ಸಮುದ್ರ ಹಾರಿ ಬಂದ ಹನುಮಂತ ಲಂಕೆಗೆ ಬಂದೊಡನೆ ತನ್ನ ಬಲ ಮೆರೆಯುವುದಿಲ್ಲ. ಮೈ ಕುಗ್ಗಿಸಿಕೊಂಡು, ಇರುಳು ಕವಿಯುವುದನ್ನು ಕಾದು, ಒಂದೊಂದೇ ಮನೆ ಹೊಕ್ಕು ಹುಡುಕುತ್ತಾನೆ. ಅಶೋಕವನದಲ್ಲಿ ಶಿಂಶಪಾ ಮರದ ಎಲೆಗಳ ಮರೆಯಲ್ಲಿ ಕೂತು ಕಾವಲಿನ ರಾಕ್ಷಸಿಯರನ್ನೂ ಸೀತೆಯನ್ನೂ ನೋಡುತ್ತಾನೆ, ರಾವಣ ಬಂದು ಹೋಗುವುದನ್ನೂ ನೋಡುತ್ತಾನೆ. ಅಲ್ಲೇ ಧುಮುಕಿದ್ದರೆ ಕತೆ ಕೆಡುತ್ತಿತ್ತು. ಉಂಗುರ ಕೊಟ್ಟಾದ ಮೇಲೆಯೇ ವನ ಮುರಿಯುವುದು, ಲಂಕೆ ಸುಡುವುದು. ಮೊದಲು ಮರೆ, ಆಮೇಲೆ ಮೆರೆ. ಕೇರಳದ ಕೂಡಿಯಾಟ್ಟವೆಂಬ ಸಂಸ್ಕೃತ ರಂಗಕಲೆಯಲ್ಲಿ ಈ ಭಾಗಕ್ಕೆ ‘ಅಂಗುಲೀಯಾಂಕ’ ಎಂದು ಹೆಸರು. ಶಕ್ತಿಭದ್ರನ ‘ಆಶ್ಚರ್ಯಚೂಡಾಮಣಿ’ಯ ಒಂದೇ ಅಂಕವನ್ನು ಒಬ್ಬನೇ ನಟ ಎಣ್ಣೆದೀಪದೆದುರು, ಮಿಳಾವು ಎಂಬ ಚರ್ಮವಾದ್ಯದ ಬಡಿತಕ್ಕೆ, ದಿನಗಟ್ಟಲೆ ಅಭಿನಯಿಸುತ್ತಾನೆ. 1970ರಲ್ಲಿ ಡಿ. ಅಪ್ಪುಕುಟ್ಟನ್ ನಾಯರ್ ಕಟ್ಟಿದ ತಿರುವನಂತಪುರದ ‘ಮಾರ್ಗಿ’ಯಂಥ ಸಂಸ್ಥೆಗಳು ಈ ಕಲೆಯನ್ನು ಉಳಿಸಿಕೊಂಡು ಬಂದಿವೆ. ಅಲ್ಲಿ ನಟನ ಕಣ್ಣನ್ನು ನೋಡಬೇಕು. ಏನೂ ಮಾಡದೆ ಬರೀ ನೋಡುತ್ತಿರುವುದೇ ಎಷ್ಟು ದೊಡ್ಡ ಕ್ರಿಯೆ ಎಂದು ಆ ಕಣ್ಣು ತೋರಿಸುತ್ತದೆ. ಲಂಡನ್ನಿನ ಗೇಮ್ ವಿನ್ಯಾಸಕರೂ ಕೂಡಿಯಾಟ್ಟದ ನಟರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೆ ಬಲ ಇರುವವನು ಅದನ್ನು ತಡೆಹಿಡಿದಾಗ ನೋಡುವವರ ಎದೆ ಹೆಚ್ಚು ಬಡಿಯುತ್ತದೆ ಎಂಬ ಅರಿವು ಇಬ್ಬರಿಗೂ ಇದೆ.

ಡೆಮೊದ ಕೊರತೆಗಳನ್ನೂ ಹೇಳಬೇಕು. ಪತ್ತೇದಾರಿ ನೋಟ ಎಷ್ಟು ಉಪಯುಕ್ತವೆಂದರೆ ಆಡುವವರು ಅದನ್ನು ಆರಿಸುವುದೇ ಇಲ್ಲ. ಚಿತ್ರಕಾರರು ಬೆವರು ಸುರಿಸಿ ಕಟ್ಟಿದ ಪಾಚಿಗಟ್ಟಿದ ಗೋಡೆ, ಕಬ್ಬಿಣದ ಕಂಬಿ, ಮಂಕು ದೀಪ, ಎಲ್ಲವೂ ನೀಲಿ ಮಬ್ಬಿನಲ್ಲಿ ಮುಚ್ಚಿಹೋಗುತ್ತವೆ. ಅಳಿಯನಿಗೆ ನಾನು ಒಂದು ಷರತ್ತು ಹಾಕಿದ್ದೆ, ಆ ನೋಟ ಇಲ್ಲದೆ ಬರಿಗಣ್ಣಿನಲ್ಲಿ ಕೋಣೆ ದಾಟಬೇಕು ಎಂದು. ಹಾಗೆ ಆಡಿದಾಗ ಅದು ಹತ್ತು ಪಟ್ಟು ಚೆನ್ನಾಗಿತ್ತು. ಪುಂಡರು ತಲೆಯೆತ್ತಿ ನೋಡುವುದು ಕಡಿಮೆ ಎಂಬುದೂ ಬೇಗ ಗೊತ್ತಾಗಿಬಿಡುತ್ತದೆ. ಮೃಗಮುಖಗಳ ಮೇಲೆ ಸಲೀಸಾಗಿ ಕಾಲ ಕಳೆಯಬಹುದು. ಈ ಸಲೀಸು ವಿನ್ಯಾಸಕರಿಗೂ ತಿಳಿದಿತ್ತು. ಪೂರ್ತಿ ಆಟದಲ್ಲಿ ಮುಂದೆ ಹೋದಂತೆ ಜೋಕರ್ ಆ ಕಲ್ಲುಗಳಿಗೇ ಸ್ಫೋಟಕ ಕಟ್ಟಿಸುತ್ತಾನೆ, ಪುಂಡರ ಕೊರಳಿಗೆ ಪಟ್ಟಿ ಹಾಕಿಸಿ ಒಬ್ಬ ಬಿದ್ದರೆ ಉಳಿದವರಿಗೆ ಸುಳಿವು ಸಿಗುವಂತೆ ಮಾಡುತ್ತಾನೆ.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಉಳ್ಳೂರಿನಿಂದ ಕೆಲವೇ ಕಿಲೋಮೀಟರ್ ದೂರದ ಊಳಂಪಾರದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರವಿದೆ. ಮಲಯಾಳದಲ್ಲಿ ಆ ಊರಿನ ಹೆಸರನ್ನೇ ಜನ ಬೈಗುಳವಾಗಿ, ಗೇಲಿಯಾಗಿ ಬಳಸುವುದುಂಟು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹೆಸರು ಹೇಳಿ ನಗುವ ಹಾಗೆಯೇ. ಬೆಂಗಳೂರಿನ ಆ ಆಸ್ಪತ್ರೆ 1925ರಷ್ಟು ಹಿಂದೆಯೇ ‘ಹುಚ್ಚಾಸ್ಪತ್ರೆ’ ಎಂಬ ಹಣೆಪಟ್ಟಿ ಕಳಚಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. ಹಾಗಿರುವಾಗ ಈ ಗೇಮ್ ಮನೋರೋಗಿ ಎಂದರೆ ಅಪಾಯಕಾರಿ ಎಂಬ ಹಳೇ ಭಯವನ್ನೇ ಮತ್ತೆ ಬಂಡವಾಳ ಮಾಡಿಕೊಳ್ಳುತ್ತದೆ. ಕೋವಿ ಹಿಡಿದ ಪುಂಡರು ಬೆಂಕಿ ಬಿದ್ದ ಬೇರೊಂದು ಜೈಲಿನಿಂದ ಸಾಗಿಸಿ ತಂದ ಕೈದಿಗಳು ಎಂದು ಕತೆ ಜಾಣತನದಿಂದ ಹೇಳುವುದು ನಿಜ. ಆದರೆ ಮುಂದೆ ರೋಗಿಗಳೂ ಕಿರುಚುತ್ತಾ ಮೈಮೇಲೆ ಎರಗುತ್ತಾರೆ. ವಾರ್ಡಿನಲ್ಲಿ ಅಣ್ಣನನ್ನೋ ಅಮ್ಮನನ್ನೋ ನೋಡಿಕೊಳ್ಳುತ್ತಿರುವ ಮನೆಯವರು ಇದನ್ನು ಕಂಡರೆ ಅವರ ಮನಸ್ಸು ಹೇಗಾದೀತು? ಅಳಿಯನ ಹತ್ತಿರ ಇದನ್ನು ಹೇಳಿದೆ. ಅವನು ಆಟ ನಿಲ್ಲಿಸಲಿಲ್ಲ, ಆದರೆ ಆಮೇಲೆ ಅವನ ಬಾಯಲ್ಲಿ ‘ಊಳಂಪಾರ’ದ ಜೋಕು ಬರಲಿಲ್ಲ. ಒಂದು ಆಟವನ್ನು ಮನಸಾರೆ ಮೆಚ್ಚಿದವರಿಗೆ ಅದರ ಈ ಕಳಂಕವನ್ನೂ ಎತ್ತಿ ಹೇಳುವ ಹೊಣೆ ಇದೆ ಎಂದೇ ನಾನು ನಂಬಿದ್ದೇನೆ.

ಡೆಮೊ ಎಂಬ ರೂಢಿಯ ಬಗ್ಗೆ ಎರಡು ಮಾತು. 1993ರಲ್ಲಿ ‘ಡೂಮ್’ ಬಂದಾಗ ಮೊದಲ ಭಾಗದ ಒಂಬತ್ತೂ ಲೆವೆಲ್‌ಗಳನ್ನು ಬಿಟ್ಟಿ ಹಂಚಿದ್ದರು, ಹಿಡಿಸಿದರೆ ಮಿಕ್ಕದ್ದನ್ನು ಕೊಳ್ಳಿ ಎಂಬ ಧೈರ್ಯದಲ್ಲಿ. ನಮ್ಮಲ್ಲಿ ಇಂಟರ್ನೆಟ್ ಆಮೆವೇಗದಲ್ಲಿದ್ದಾಗ ‘ಡಿಜಿಟ್’ ಪತ್ರಿಕೆಯ ಜೊತೆ ಬರುತ್ತಿದ್ದ ಡಿಸ್ಕುಗಳೇ ಗತಿ. ಹಾಸ್ಟೆಲುಗಳಲ್ಲಿ ಒಂದು ಡಿಸ್ಕು ಕೈಯಿಂದ ಕೈಗೆ ದಾಟಿ ಗೀರು ಬಿದ್ದು ಸಾಯುವ ತನಕ ಓಡುತ್ತಿತ್ತು. ಪೂರ್ತಿ ಗೇಮ್ ಕೊಳ್ಳಲು ಹಣವಿಲ್ಲದ ಒಂದು ತಲೆಮಾರಿನ ಹುಡುಗ ಹುಡುಗಿಯರು ಜಗತ್ತಿನ ಉತ್ತಮ ಆಟಗಳ ಮೊದಲ ಅಧ್ಯಾಯಗಳನ್ನು ಹೀಗೆಯೇ ಓದಿಕೊಂಡರು. ಆಮೇಲೆ ದೊಡ್ಡ ಕಂಪನಿಗಳು ಡೆಮೊ ಕೊಡುವುದನ್ನು ಕಡಿಮೆ ಮಾಡಿದವು. ಅದಕ್ಕೆ ಪ್ರತ್ಯೇಕ ದುಡಿಮೆ ಬೇಕು, ಜೊತೆಗೆ ಅರ್ಧ ಗಂಟೆ ಆಡಿಯೇ ತೃಪ್ತರಾಗಿ ಹೊರಟುಹೋಗುವವರ ಭಯ. ಈಗ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯ ‘ನೆಕ್ಸ್ಟ್ ಫೆಸ್ಟ್’ ವಾರಗಳಲ್ಲಿ ಸಣ್ಣ ತಂಡಗಳು ಮತ್ತೆ ಡೆಮೊಗಳನ್ನು ಮುಂದಿಡುತ್ತಿವೆ. ಅದು ನನಗೆ ಬಹಳ ಸಂತೋಷದ ಸಂಗತಿ. ಜಾಹೀರಾತಿನ ವಿಡಿಯೊ ಏನನ್ನು ಬೇಕಾದರೂ ನಂಬಿಸೀತು. ಡೆಮೊದಲ್ಲಿ ಆಟದ ಮೈಕಟ್ಟು ನಮ್ಮ ಬೆರಳಿಗೇ ಗೊತ್ತಾಗುತ್ತದೆ.

ಇಂಥ ಡೆಮೊ ನಮ್ಮ ನೆಲದಿಂದ ಬರಬೇಕು ಎಂಬ ಆಸೆ ಅಂದಿನಿಂದಲೂ ನನ್ನಲ್ಲಿದೆ. ಕೈಚಳಕಕ್ಕೆ ಕೊರತೆ ಇಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ಹೊರದೇಶಗಳ ದೊಡ್ಡ ಗೇಮುಗಳಿಗೆ ಚಿತ್ರಕೆಲಸ ಮಾಡಿಕೊಡುತ್ತಾ ಬೆಳೆಯಿತು, 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಟೆಕ್ನೋಪಾರ್ಕಿನಲ್ಲಿ 1999ರಿಂದ ಟೂನ್ಜ್ ಅನಿಮೇಶನ್ ಇದೆ, ತೆನಾಲಿ ರಾಮನ ಸಾಹಸಗಳನ್ನು ಪರದೆಗೆ ತಂದವರು ಅವರೇ. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ‘ರಾಜಿ’ಯಲ್ಲಿ ನಮ್ಮ ಪುರಾಣದ ಲೋಕವನ್ನು ಚೆಂದವಾಗಿ ಕಟ್ಟಿತು. ಸೂಪರ್‌ಹೀರೋ ಕತೆಯನ್ನು ನಮ್ಮದೇ ಮಣ್ಣಿನಲ್ಲಿ ನೆಡಬಹುದು ಎಂದು ಮಲಯಾಳ ಸಿನಿಮಾ ತೋರಿಸಿಕೊಟ್ಟಿದೆ. 2021ರ ‘ಮಿನ್ನಲ್ ಮುರಳಿ’ಯಲ್ಲಿ ಬೇಸಿಲ್ ಜೋಸೆಫ್ ಹಳ್ಳಿಯ ದರ್ಜಿಯೊಬ್ಬನಿಗೆ ಸಿಡಿಲು ಹೊಡೆಸಿ ನಾಯಕನನ್ನಾಗಿಸಿದರು. 2025ರ ‘ಲೋಕಃ’ದಲ್ಲಿ ಡೊಮಿನಿಕ್ ಅರುಣ್ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯ ಐತಿಹ್ಯವನ್ನು ತಂದು ನಮ್ಮ ಬೆಂಗಳೂರಿನ ರಾತ್ರಿಗಳಲ್ಲಿ ಇಳಿಸಿದರು.

ನನ್ನನ್ನು ಕೇಳಿದರೆ ಮೊದಲ ಡೆಮೊಗೆ ಜಾಗ ತಿರುವನಂತಪುರದ ದಕ್ಷಿಣಕ್ಕೆ, ನೆಯ್ಯಾಟ್ಟಿನ್‌ಕರದ ಕೃಷ್ಣ ದೇವಸ್ಥಾನದ ಅಂಗಳದಲ್ಲಿದೆ. ಅಲ್ಲಿ ‘ಅಮ್ಮಚ್ಚಿ ಪ್ಲಾವು’ ಎಂಬ ಹಲಸಿನ ಮರದ ಪೊಳ್ಳು ಕಾಂಡವನ್ನು ಕಾಪಿಟ್ಟಿದ್ದಾರೆ. ಮುಂದೆ 1729ರಲ್ಲಿ ತಿರುವಾಂಕೂರಿನ ಅರಸನಾದ ಮಾರ್ತಾಂಡವರ್ಮ, ಎಟ್ಟುವೀಟ್ಟಿಲ್ ಪಿಳ್ಳೆಮಾರರೆಂಬ ಎಂಟು ಮನೆತನಗಳ ಸರದಾರರ ಕಡೆಯವರು ಕೊಲ್ಲಲು ಬೆನ್ನಟ್ಟಿದಾಗ ಅದರ ಪೊಟರೆಯಲ್ಲಿ ಅಡಗಿ ಜೀವ ಉಳಿಸಿಕೊಂಡನೆಂಬುದು ಐತಿಹ್ಯ. ಸಿ.ವಿ. ರಾಮನ್ ಪಿಳ್ಳೆಯವರು 1891ರಲ್ಲಿ ಪ್ರಕಟಿಸಿದ ‘ಮಾರ್ತಾಂಡವರ್ಮ’ ಕಾದಂಬರಿಯಲ್ಲಿ ಅವನನ್ನು ಕಾಯುವವನು ‘ಭ್ರಾಂತನ್ ಚಾನ್ನಾನ್’, ಹುಚ್ಚನ ವೇಷದಲ್ಲಿ ತಿರುಗುವ ಅನಂತಪದ್ಮನಾಭ. ಗುರುತು ಮರೆಸಿಕೊಂಡ ವೀರ ಅಲ್ಲೇ ಇದ್ದಾನೆ. ಹುಚ್ಚನೆಂದು ಜನ ತಳ್ಳಿಹಾಕಿದವನೇ ಕತೆಯ ಕಾವಲುಗಾರ ಎಂಬುದರಲ್ಲಿ ಆರ್ಕಮ್ ಮಾಡಿದ ತಪ್ಪಿಗೆ ಉತ್ತರವೂ ಇದೆ.

ಮೊದಲ ಕೋಣೆ ಹೀಗಿರಲಿ: ಮುಸ್ಸಂಜೆ, ಹಲಸಿನ ತೋಪು, ಪಂಜು ಹಿಡಿದ ಆರು ಮಂದಿ, ಆಡುವವರ ಕೈಯಲ್ಲಿ ಆಯುಧವಿಲ್ಲದ ರಾಜಕುಮಾರ. ಒಣ ತರಗೆಲೆಯ ಮೇಲೆ ಕಾಲಿಟ್ಟರೆ ಸದ್ದು, ಒದ್ದೆ ಮಣ್ಣಿನಲ್ಲಿ ನಡೆದರೆ ಹೆಜ್ಜೆಗುರುತು. ಪೊಟರೆ ಸೇರುವ ತನಕ ಒಂದು ಹಂತ. ಅಲ್ಲಿಂದ ಮುಂದೆ ಅದೇ ತೋಪಿಗೆ ಚಾನ್ನಾನ್ ಆಗಿ ಇಳಿದು, ಆ ಆರು ಮಂದಿಯನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಿ ದಾರಿ ತಪ್ಪಿಸುವುದು ಎರಡನೆಯದು. ಮಾತುಗಳು ಮಲಯಾಳದಲ್ಲೂ ಕನ್ನಡದಲ್ಲೂ ಇರಲಿ. ಈಗ ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಿರುವ ಅಳಿಯನಿಗೆ ಈ ತೋಪಿನ ನಕ್ಷೆಯನ್ನು ಕಾಗದದಲ್ಲಿ ಬರೆದು ಕಳಿಸಿದ್ದೇನೆ. ಮರಗಳ ನಡುವೆ ಅಂತರ ಸಾಲದು, ಕಾವಲಿನವರ ನೋಟಕ್ಕೆ ಎಡೆ ಬೇಕು ಎಂದು ತಿದ್ದಿ ವಾಪಸು ಕಳಿಸಿದ್ದಾನೆ.